ತಟ್ಟೆಯ ಲೆಕ್ಕ, ಮೆಟ್ಟಿಲ ಲೆಕ್ಕ

ದೇಹದ ತೂಕ ಇಳಿಯಬೇಕಾದರೆ ಆಹಾರದಿಂದ ಸಿಗುವ ಶಕ್ತಿಗಿಂತ ದೇಹ ಖರ್ಚು ಮಾಡುವ ಶಕ್ತಿ ಹೆಚ್ಚಾಗಿರಬೇಕು. ಅದೂ ಒಂದೆರಡು ದಿನವಲ್ಲ, ತಿಂಗಳುಗಟ್ಟಲೆ. ಈ ಕೊರತೆಯನ್ನು ಊಟ ಕಡಿಮೆ ಮಾಡಿ ತರಬಹುದು, ಮೈ ದಂಡಿಸಿಯೂ ತರಬಹುದು. ಲೆಕ್ಕದ ಪುಸ್ತಕದಲ್ಲಿ ಎರಡೂ ಸಮ. ದಿನನಿತ್ಯದ ಬದುಕಿನಲ್ಲಿ ಅವೆರಡರ ನಡುವೆ ಬಹಳ ಅಂತರವಿದೆ.

ಮೈಸೂರಿನ ನಜರ್‌ಬಾದಿನಲ್ಲಿ ಈ ಅಂತರವನ್ನು ಕಣ್ಣಾರೆ ಕಾಣಬಹುದು. ಬೆಳಗಿನ ಹೊತ್ತು ಚಾಮುಂಡಿ ವಿಹಾರ ಕ್ರೀಡಾಂಗಣದಲ್ಲಿ ಸುತ್ತು ಹಾಕುವವರು, ಚಾಮುಂಡಿ ಬೆಟ್ಟದ ಮೆಟ್ಟಿಲು ಹತ್ತಿಳಿದು ಬರುವವರು ಒಂದು ಕಡೆ. ಬೆಣ್ಣೆ ದೋಸೆಗಾಗಿ ಮೈಲಾರಿ ಹೋಟೆಲಿನ ಮುಂದೆ ಜಾಗ ಖಾಲಿಯಾಗಲೆಂದು ಕಾಯುವವರು ಇನ್ನೊಂದು ಕಡೆ. ಎಷ್ಟೋ ಸಲ ಇವರೇ ಅವರು.

ದೊಡ್ಡ ದೇವರಾಜ ಒಡೆಯರ ಕಾಲದಲ್ಲಿ, ಅಂದರೆ 17ನೇ ಶತಮಾನದಲ್ಲಿ, ಕಟ್ಟಿಸಿದ ಚಾಮುಂಡಿ ಬೆಟ್ಟದ ಮೆಟ್ಟಿಲುಗಳು ಸಾವಿರದಷ್ಟಿವೆ. ಪಾದದಿಂದ ದೇವಸ್ಥಾನದವರೆಗೆ ಏರು 250 ಮೀಟರ್ ಎಂದಿಟ್ಟುಕೊಳ್ಳೋಣ. 70 ಕಿಲೊ ತೂಕದ ದೇಹವನ್ನು ಅಷ್ಟು ಎತ್ತರಕ್ಕೆ ಎತ್ತಲು ಭೌತಶಾಸ್ತ್ರದ ಪ್ರಕಾರ ಬೇಕಾದದ್ದು ಸುಮಾರು 41 ಕಿಲೊಕ್ಯಾಲೊರಿ ಕೆಲಸ. ಸ್ನಾಯುಗಳು ತಾವು ಉರಿಸುವ ಶಕ್ತಿಯಲ್ಲಿ ಐದನೇ ಒಂದರಿಂದ ನಾಲ್ಕನೇ ಒಂದು ಪಾಲನ್ನಷ್ಟೇ ಕೆಲಸವಾಗಿಸುತ್ತವೆ, ಉಳಿದದ್ದು ಶಾಖವಾಗಿ, ಬೆವರಿನ ರೂಪದಲ್ಲಿ ಹೋಗುತ್ತದೆ. ಹಾಗಾಗಿ ನಿಜವಾದ ಖರ್ಚು ಹೆಚ್ಚೆಂದರೆ 200ರ ಆಸುಪಾಸು. ಇಳಿಯುವಾಗಿನದು ಇದಕ್ಕೆ ಅಲ್ಪಸ್ವಲ್ಪ ಸೇರುತ್ತದೆ. ಈಗ ದೋಸೆ. 100 ಗ್ರಾಂ ಬೆಣ್ಣೆಯಲ್ಲಿ 700ಕ್ಕೂ ಹೆಚ್ಚು ಕಿಲೊಕ್ಯಾಲೊರಿ ಇರುವುದರಿಂದ, ದೋಸೆಯ ಮೇಲಿನ 15 ಗ್ರಾಂ ಬೆಣ್ಣೆಯೊಂದೇ 100 ದಾಟುತ್ತದೆ. ಹಿಟ್ಟು, ಸಾಗು, ಕಾವಲಿಗೆ ಸವರಿದ ಎಣ್ಣೆ ಸೇರಿದರೆ ಒಂದೇ ದೋಸೆ ಇಡೀ ಬೆಟ್ಟವನ್ನು ಸರಿಗಟ್ಟುತ್ತದೆ. ಮೈಲಾರಿಯಲ್ಲಿ ಒಂದೇ ದೋಸೆಗೆ ಏಳುವವರು ಕಡಿಮೆ. ಹತ್ತುವುದಕ್ಕೆ ಮುಕ್ಕಾಲು ಗಂಟೆ ಬೇಕು, ತಿನ್ನುವುದಕ್ಕೆ ಐದು ನಿಮಿಷ ಸಾಕು. ತೂಕ ಇಳಿಸುವುದರಲ್ಲಿ ಆಹಾರದ್ದೇ ಮೇಲುಗೈ ಎಂದು ವೈದ್ಯರು ಹೇಳುವುದಕ್ಕೆ ಕಾರಣ ಇಷ್ಟೇ.

ಒಂದು ಕಿಲೊ ಕೊಬ್ಬಿನ ಅಂಗಾಂಶದಲ್ಲಿ ಸುಮಾರು 7,700 ಕಿಲೊಕ್ಯಾಲೊರಿ ಅಡಗಿರುತ್ತದೆ. ದಿನಕ್ಕೆ ಅರ್ಧ ಗಂಟೆಯ ಬಿರುಸು ನಡಿಗೆಯಿಂದ ಹೆಚ್ಚುವರಿಯಾಗಿ ಖರ್ಚಾಗುವುದು 100ರಷ್ಟು. ಅಂದರೆ ಊಟ ಒಂದು ತುತ್ತೂ ಹೆಚ್ಚದಿದ್ದರೆ, ಕಿಲೊ ಕರಗಲು ಎರಡೂವರೆ ತಿಂಗಳು. ತಟ್ಟೆಯಿಂದ ದಿನಕ್ಕೆ 500 ಕಡಿಮೆ ಮಾಡಿದರೆ ಮೊದಮೊದಲು ವಾರಕ್ಕೆ ಅರ್ಧ ಕಿಲೊವರೆಗೆ ಇಳಿಯುತ್ತದೆ. ಆಮೇಲೆ ವೇಗ ತಗ್ಗುತ್ತದೆ. ಹಗುರವಾದ ದೇಹಕ್ಕೆ ಬೇಕಾಗುವ ಶಕ್ತಿಯೂ ಕಡಿಮೆ, ಜೊತೆಗೆ ಹಸಿವು ಹೆಚ್ಚುತ್ತದೆ. ವ್ಯಾಯಾಮದಲ್ಲೂ ಇಂಥದೊಂದು ಹಿಡಿತವಿದೆ. ತಾಂಜಾನಿಯಾದ ಹಾಡ್ಜಾ ಬೇಟೆಗಾರರು ದಿನವಿಡೀ ನಡೆದಾಡುತ್ತಾರೆ. ಆದರೂ ದೇಹದ ಗಾತ್ರಕ್ಕೆ ಹೊಂದಿಸಿ ನೋಡಿದಾಗ ಅವರ ಒಟ್ಟು ದಿನದ ಖರ್ಚು ಅಮೆರಿಕದ ಪಟ್ಟಣಿಗರದಕ್ಕಿಂತ ಹೆಚ್ಚೇನೂ ಇರಲಿಲ್ಲ ಎಂದು ಹರ್ಮನ್ ಪಾಂಟ್ಜರ್ ಮತ್ತು ಸಂಗಡಿಗರು 2012ರಲ್ಲಿ ತೋರಿಸಿದರು. ಒಂದೆಡೆ ಹೆಚ್ಚು ಖರ್ಚಾದರೆ ದೇಹ ಇನ್ನೊಂದೆಡೆ ಕೈ ಬಿಗಿಹಿಡಿಯುತ್ತದೆ ಎಂಬುದು ಅವರ ವಿವರಣೆ.

ಆಹಾರ ಕಡಿಮೆ ಮಾಡುವುದೆಂದರೆ ಉಪವಾಸ ಬೀಳುವುದಲ್ಲ. ಹಳೆಯ ಮೈಸೂರಿನ ಊಟದಲ್ಲಿ ಅನ್ನದ ಪಾಲು ದೊಡ್ಡದು, ಕಾಳು ತರಕಾರಿಯ ಪಾಲು ಚಿಕ್ಕದು. ಒಂದು ಸೌಟು ಅನ್ನ ಇಳಿಸಿ ಅಲ್ಲಿಗೆ ಹುರುಳಿ, ಹೆಸರುಕಾಳು, ಸೊಪ್ಪಿನ ಪಲ್ಯ, ಕೋಸಂಬರಿ, ತಿನ್ನುವವರಿಗೆ ಮೊಟ್ಟೆ ಅಥವಾ ಮೀನು ಬಂದರೆ ಹೊಟ್ಟೆ ತುಂಬುತ್ತದೆ, ಕ್ಯಾಲೊರಿ ಇಳಿಯುತ್ತದೆ. ಸಂಜೆಯ ಬೋಂಡ, ದಿನಕ್ಕೆ ನಾಲ್ಕು ಸಲದ ಸಕ್ಕರೆ ಕಾಫಿ ಯಾರ ಲೆಕ್ಕಕ್ಕೂ ಸಿಗದೆ ಒಳಗೆ ಹೋಗುವಂಥವು. ಇನ್ನು ರಾಗಿ. ಮುದ್ದೆ ತಿಂದರೆ ತೂಕ ಇಳಿಯುತ್ತದೆಂಬ ನಂಬಿಕೆ ಈಗ ಪಟ್ಟಣಗಳಲ್ಲಿ ಬಲವಾಗಿದೆ. 100 ಗ್ರಾಂ ರಾಗಿಯಲ್ಲಿ 320ರಷ್ಟು, ಅಕ್ಕಿಯಲ್ಲಿ 350ರಷ್ಟು ಕಿಲೊಕ್ಯಾಲೊರಿ; ಅಂಥ ವ್ಯತ್ಯಾಸವೇನಿಲ್ಲ. ರಾಗಿಯಲ್ಲಿ ನಾರು ಸುಮಾರು ನಾಲ್ಕು ಪಟ್ಟು ಇರುವುದರಿಂದ ಬೇಗ ಹಸಿವಾಗದು, ಅಷ್ಟೇ. ಮುದ್ದೆಯ ಗಾತ್ರ ದೊಡ್ಡದಾದರೆ ಅದೂ ವ್ಯರ್ಥ.

ಹಾಗಾದರೆ ಬೆಟ್ಟ ಹತ್ತುವುದು ದಂಡವೇ? ಖಂಡಿತ ಅಲ್ಲ. ಊಟವೊಂದನ್ನೇ ಕಡಿಮೆ ಮಾಡಿದವರಲ್ಲಿ ಇಳಿದ ತೂಕದ ಸುಮಾರು ಕಾಲುಭಾಗ ಕೊಬ್ಬಲ್ಲ, ಸ್ನಾಯುವೇ ಮೊದಲಾದದ್ದು. ಭಾರ ಎತ್ತುವ ವ್ಯಾಯಾಮ, ಬಸ್ಕಿ, ದಂಡ ಇವು ಆ ನಷ್ಟವನ್ನು ತಡೆಯುತ್ತವೆ. ಮುಖ್ಯವಾಗಿ, ಇಳಿದ ತೂಕ ಮರಳಿ ಏರದಂತೆ ನೋಡಿಕೊಳ್ಳುವುದು ವ್ಯಾಯಾಮ. ಅಮೆರಿಕದಲ್ಲಿ 1994ರಿಂದ ನಡೆದುಬಂದ ರಾಷ್ಟ್ರೀಯ ತೂಕ ನಿಯಂತ್ರಣ ದಾಖಲಾತಿಯಲ್ಲಿ, ತೂಕ ಇಳಿಸಿ ವರ್ಷಗಟ್ಟಲೆ ಉಳಿಸಿಕೊಂಡವರಲ್ಲಿ ಬಹುಪಾಲು ಜನ ದಿನಕ್ಕೆ ಒಂದು ಗಂಟೆಯಷ್ಟು ಮೈ ದಂಡಿಸುವವರೇ. ಇಳಿಸುವ ಕೆಲಸ ತಟ್ಟೆಯದು, ಉಳಿಸಿಕೊಳ್ಳುವ ಕೆಲಸ ಕಾಲಿನದು.

ತೂಕದ ಯಂತ್ರದ ಮುಳ್ಳು ಅಲುಗದಿದ್ದರೂ ವ್ಯಾಯಾಮದ ಫಲ ಸಿಗುತ್ತದೆ ಎಂಬುದು ಕನ್ನಡ ನಾಡಿನವರಿಗೆ ಬಹಳ ಮುಖ್ಯ. ಮೈಸೂರಿನ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆ, ಊರವರ ಬಾಯಲ್ಲಿ ಮಿಷನ್ ಆಸ್ಪತ್ರೆ, 1934ರಿಂದಲೂ ಹುಟ್ಟಿದ ಮಕ್ಕಳ ತೂಕವನ್ನು ಬರೆದಿಟ್ಟಿತ್ತು. 1954ರವರೆಗೆ ಅಲ್ಲಿ ಹುಟ್ಟಿದ 517 ಮಂದಿಯನ್ನು ಹುಡುಕಿ ಪರೀಕ್ಷಿಸಿದ ಅಧ್ಯಯನ 1996ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಬಂತು: ಹುಟ್ಟುವಾಗ ಸಣ್ಣಗಿದ್ದವರಲ್ಲಿ ಮುಂದೆ ಹೃದ್ರೋಗ ಹೆಚ್ಚು. ಅಂದರೆ ಅಪಾಯವನ್ನು ಈಗಿನ ತೂಕವೊಂದರಿಂದಲೇ ಅಳೆಯಲಾಗದು. ಭಾರತೀಯರು ನೋಡಲು ತೆಳ್ಳಗಿದ್ದರೂ ಸ್ನಾಯು ಕಡಿಮೆ, ಹೊಟ್ಟೆಯ ಕೊಬ್ಬು ಹೆಚ್ಚು ಎಂಬುದೂ ಬೇರೆ ಅಧ್ಯಯನಗಳಿಂದ ತಿಳಿದಿದೆ. ಆದ್ದರಿಂದಲೇ ಇಲ್ಲಿ ದೇಹದ್ರವ್ಯ ಸೂಚ್ಯಂಕ (ಬಿಎಂಐ) 23 ದಾಟಿದರೆ ಹೆಚ್ಚು ತೂಕ, 25 ದಾಟಿದರೆ ಬೊಜ್ಜು ಎಂದು ಪರಿಗಣಿಸುವ ರೂಢಿ. ಸೊಂಟದ ಸುತ್ತಳತೆ ಗಂಡಸರಿಗೆ 90, ಹೆಂಗಸರಿಗೆ 80 ಸೆಂಟಿಮೀಟರ್ ಮೀರಬಾರದು. ಮಧುಮೇಹದ ಅಂಚಿನಲ್ಲಿದ್ದವರ ಮೇಲೆ ಚೆನ್ನೈಯಲ್ಲಿ ನಡೆದು 2006ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಊಟ ತಿದ್ದಿಕೊಂಡು ನಡಿಗೆ ರೂಢಿಸಿಕೊಂಡವರ ತೂಕ ಹೆಚ್ಚೇನೂ ಇಳಿಯಲಿಲ್ಲ; ಮಧುಮೇಹ ಬರುವ ಸಾಧ್ಯತೆ ಮಾತ್ರ ಶೇ. 28ರಷ್ಟು ತಗ್ಗಿತು.

ವಾರಕ್ಕೆ 150 ನಿಮಿಷಗಳ ಬಿರುಸು ನಡಿಗೆ ಆರೋಗ್ಯಕ್ಕೆ ಕನಿಷ್ಠ. ಇಳಿದ ತೂಕ ಉಳಿಯಲು ಅದರ ಇಮ್ಮಡಿಯವರೆಗೂ ಬೇಕಾಗಬಹುದು. ಬೊಜ್ಜು ಹೆಚ್ಚಿದ್ದವರು, ಮಂಡಿ ನೋವಿನವರು ಸಮತಟ್ಟಾದ ದಾರಿಯಿಂದ ಶುರುಮಾಡುವುದು ಲೇಸು. ಮೆಟ್ಟಿಲು ಇಳಿಯುವಾಗ ಮಂಡಿಗೆ ಬೀಳುವ ಹೊರೆ ಹತ್ತುವಾಗಿನದಕ್ಕಿಂತ ಹೆಚ್ಚು, ಅಂಥವರು ಬೆಟ್ಟ ಹತ್ತಿದರೂ ಬಸ್ಸಿನಲ್ಲಿ ಇಳಿದು ಬರುವುದರಲ್ಲಿ ತಪ್ಪಿಲ್ಲ. ಮಧುಮೇಹಕ್ಕೆ ಇನ್ಸುಲಿನ್ ಅಥವಾ ಮಾತ್ರೆ ತೆಗೆದುಕೊಳ್ಳುವವರು ಊಟ ಇಳಿಸುವ ಮೊದಲು ವೈದ್ಯರಿಂದ ಔಷಧದ ಪ್ರಮಾಣವನ್ನು ಸರಿಪಡಿಸಿಕೊಳ್ಳಬೇಕು. ಇಲ್ಲವಾದರೆ ರಕ್ತದ ಸಕ್ಕರೆ ಏಕಾಏಕಿ ಕುಸಿಯುವ ಅಪಾಯವಿದೆ.