ಗದ್ದೆಯ ಬದುವಿನ ಮೇಲೆ ಮಾನವಶಾಸ್ತ್ರ



ಪಿಯುಸಿ ಮುಗಿಸಿದ ಮಗಳು ಪದವಿಯಲ್ಲಿ ಮಾನವಶಾಸ್ತ್ರ ಓದುತ್ತೇನೆಂದರೆ ಮನೆಯಲ್ಲಿ ಏಳುವ ಮೊದಲ ಪ್ರಶ್ನೆ, 'ಅದರಿಂದ ಮುಂದೇನು?' ಎಂಬುದು. ಪ್ರಶ್ನೆ ನ್ಯಾಯವಾದುದೇ. ಉತ್ತರವನ್ನು ಭತ್ತದ ಗದ್ದೆಯೊಂದರಿಂದ ಆರಂಭಿಸಬಹುದು.

ಇಂಡೊನೇಷ್ಯಾದ ಬಾಲಿ ದ್ವೀಪದಲ್ಲಿ ಬೆಟ್ಟದ ಇಳಿಜಾರಿನ ಗದ್ದೆಗಳಿಗೆ ನೀರು ಹಂಚುವುದು 'ಸುಬಾಕ್' ಎಂಬ ರೈತಕೂಟಗಳ ಹೊಣೆ. ಯಾರು ಯಾವಾಗ ನಾಟಿ ಮಾಡಬೇಕು, ಯಾವಾಗ ಗದ್ದೆಗೆ ಬಿಡುವು ಕೊಡಬೇಕು ಎಂಬುದನ್ನು ಜಲದೇಗುಲಗಳಲ್ಲಿ ಕಲೆತು ತೀರ್ಮಾನಿಸುತ್ತಿದ್ದರು. 1970ರ ದಶಕದಲ್ಲಿ ಹಸಿರು ಕ್ರಾಂತಿ ಬಂದಿತು. ಹೊಸ ತಳಿಗಳನ್ನು ಸಾಧ್ಯವಾದಷ್ಟು ಸಲ ಬೆಳೆಯುವಂತೆ ರೈತರಿಗೆ ಸೂಚಿಸಲಾಯಿತು. ಬಿಡುವಿನ ಕಾಲ ಮಾಯವಾಯಿತು. ಕಂದು ಜಿಗಿಹುಳು ಗದ್ದೆಯಿಂದ ಗದ್ದೆಗೆ ಹಬ್ಬಿತು, ನೀರಿನ ಜಗಳ ಹೆಚ್ಚಿತು.

ತಪ್ಪೆಲ್ಲಿದೆ ಎಂಬುದನ್ನು ತೋರಿಸಿಕೊಟ್ಟವರು ಮಾನವಶಾಸ್ತ್ರಜ್ಞ ಸ್ಟೀಫನ್ ಲ್ಯಾನ್ಸಿಂಗ್. ಎಲ್ಲರೂ ಒಟ್ಟಿಗೆ ನಾಟಿ ಮಾಡಿದರೆ ನೀರು ಸಾಲದು. ಒಬ್ಬೊಬ್ಬರು ಒಂದೊಂದು ಕಾಲಕ್ಕೆ ಮಾಡಿದರೆ ಕೀಟಕ್ಕೆ ವರ್ಷವಿಡೀ ಆಹಾರ. ಈ ಎರಡರ ನಡುವಣ ಸಮತೋಲವನ್ನು ದೇಗುಲಗಳು ಕಾಯುತ್ತಿದ್ದವೆಂಬುದನ್ನು ಅವರು ಪರಿಸರ ವಿಜ್ಞಾನಿ ಜೇಮ್ಸ್ ಕ್ರೆಮರ್ ಜೊತೆಗೂಡಿ ಕಂಪ್ಯೂಟರ್ ಮಾದರಿಯಲ್ಲಿ ನಿರೂಪಿಸಿದರು. 2012ರಲ್ಲಿ ಯುನೆಸ್ಕೊ ಈ ಸುಬಾಕ್ ಭೂದೃಶ್ಯವನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಕೃಷಿ ವಿಜ್ಞಾನ ಪೂಜೆಯೆಂದು ಬದಿಗಿರಿಸಿದ್ದರಲ್ಲಿ ಮಾನವಶಾಸ್ತ್ರ ಬೇಸಾಯವನ್ನು ಕಂಡಿತು.

ಪದವಿ ತರಗತಿಯಲ್ಲಿ ಕಲಿಯುವುದು ಈ ನೋಟವನ್ನೇ. ಮಾನವ ವಿಕಾಸ, ಪ್ರಾಗಿತಿಹಾಸ, ಬಂಧುತ್ವ, ಭಾಷೆ ಇವೆಲ್ಲ ಪಠ್ಯದಲ್ಲಿರುತ್ತವೆ. ಆದರೆ ಶಾಸ್ತ್ರದ ಜೀವಾಳ ಕ್ಷೇತ್ರಕಾರ್ಯ: ಜನರ ನಡುವೆ ಇದ್ದು, ಅವರ ಮಾತನ್ನು ಅವರ ಅರ್ಥದಲ್ಲಿಯೇ ಕೇಳಿ ಬರೆದುಕೊಳ್ಳುವುದು.

ಈ ಶಾಸ್ತ್ರದ ಚರಿತ್ರೆ ನಿಷ್ಕಳಂಕವಲ್ಲ. 1901ರ ಜನಗಣತಿಯ ಮುಖ್ಯಸ್ಥ ರಿಸ್ಲೆ ಮೂಗಿನ ಅಳತೆಯಿಂದ ಜಾತಿಗಳ ಮೇಲು ಕೀಳು ಗುರುತಿಸಹೊರಟವನು. ಅಳೆಯುವವನ ಕೈಯಲ್ಲಿ ಅಧಿಕಾರವಿದ್ದಾಗ ಏನಾಗುತ್ತದೆಂಬುದನ್ನು ವಿದ್ಯಾರ್ಥಿ ಮೊದಲ ವರ್ಷವೇ ಅರಿಯಬೇಕು.

ಇನ್ನು ಉದ್ಯೋಗದ ಮಾತು. ಬರಿಯ ಪದವಿಯಿಂದ ಸಂಶೋಧಕರ ಹುದ್ದೆ ದೊರೆಯುವುದು ಕಷ್ಟ. ಸ್ನಾತಕೋತ್ತರ ಅಧ್ಯಯನ ಬೇಕು. ಅದಕ್ಕೆ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ವಿಭಾಗವಿದೆ. 1945ರಲ್ಲಿ ಸ್ಥಾಪಿತವಾದ ಭಾರತೀಯ ಮಾನವಶಾಸ್ತ್ರೀಯ ಸರ್ವೇಕ್ಷಣೆಯ ದಕ್ಷಿಣ ಪ್ರಾದೇಶಿಕ ಕೇಂದ್ರ ಮೈಸೂರಿನಲ್ಲಿದೆ. ವಸ್ತುಸಂಗ್ರಹಾಲಯ, ಸಾರ್ವಜನಿಕ ಆರೋಗ್ಯ, ಬುಡಕಟ್ಟು ಕಲ್ಯಾಣ ಇಲಾಖೆಗಳ ದಾರಿಯೂ ಉಂಟು. ನಾಗರಿಕ ಸೇವಾ ಪರೀಕ್ಷೆಗೆ ಇದು ಐಚ್ಛಿಕ ವಿಷಯ.

ಆದರೆ ಮಲೆನಾಡಿಗೆ ಇದರ ಅಗತ್ಯ ಬೇರೆಯೇ ಇದೆ. 2006ರ ಅರಣ್ಯ ಹಕ್ಕು ಕಾಯ್ದೆಯಡಿ ರೂಪಿತವಾದ 2008ರ ನಿಯಮಗಳು ಹಿರಿಯರ ಹೇಳಿಕೆ, ವಂಶಾವಳಿ, ಸ್ಮಶಾನ, ಪವಿತ್ರ ಸ್ಥಳಗಳನ್ನು ಸಾಕ್ಷ್ಯವೆಂದು ಒಪ್ಪುತ್ತವೆ. ರೂಢಿ ಸಂಪ್ರದಾಯಗಳ ಬಗ್ಗೆ ಮಾನ್ಯ ಸಂಸ್ಥೆಗಳು ನಡೆಸಿದ ಅಧ್ಯಯನವನ್ನೂ ಒಪ್ಪುತ್ತವೆ. ಬಿಳಿಗಿರಿರಂಗನ ಬೆಟ್ಟದ ಸೋಲಿಗರು ಹಿಂದೆ ಕಾಡಿನ ನೆಲಕ್ಕೆ 'ತರಗು ಬೆಂಕಿ' ಇಡುತ್ತಿದ್ದರು. ಅದು ನಿಂತ ಮೇಲೆ ಲಂಟಾನ ಹೆಚ್ಚಿತು, ನೆಲ್ಲಿ ಮರಕ್ಕೆ ಬಂದಳಿಕೆ ಹತ್ತಿತು ಎಂದು ಅವರು ಹೇಳುತ್ತಾರೆ. ಇಂಥ ಮಾತು ಬರಹಕ್ಕಿಳಿಯದಿದ್ದರೆ ಕಡತದಲ್ಲಿ ಅದಕ್ಕೆ ಸ್ಥಾನವಿಲ್ಲ. ಹೇಳುವ ಹಿರಿಯರು ದಾಟಿಹೋದರೆ ಕೇಳಲು ಯಾರೂ ಇರುವುದಿಲ್ಲ.

'ಮುಂದೇನು?' ಎಂದು ಕೇಳುವ ಪಾಲಕರಿಗೆ ಇಷ್ಟೇ ಉತ್ತರ: ಊರಿನ ಅಜ್ಜಿಯ ಮಾತನ್ನು ನ್ಯಾಯದ ಕಟ್ಟೆಗೆ ಮುಟ್ಟಿಸಬಲ್ಲ ಒಬ್ಬ ಹುಡುಗಿ ಊರಿಗೆ ಬೇಕಾಗಿದ್ದಾಳೆ. ಅವಳು ನಿಮ್ಮ ಮನೆಯವಳೇ ಆಗಿರಬಹುದು.