ಎರಡು ಬಂದೂಕುಗಳ ನಡುವೆ ಕ್ಷೇತ್ರಾಧ್ಯಯನ

(ಕ್ಷೇತ್ರಾಧ್ಯಯನ ಶಿಬಿರವೊಂದರಲ್ಲಿ ಮಾಡಿದ ಉಪನ್ಯಾಸ)



‘ಹಿಂಸಾತ್ಮಕ ಸಮುದಾಯ’ವೆಂಬ ಮಾತನ್ನು ವರದಿಗಳಲ್ಲಿ ಧಾರಾಳವಾಗಿ ಬಳಸುತ್ತಾರೆ. ಸಮುದಾಯವೇ ಹಿಂಸ್ರವಾಗಿರುವುದು ವಿರಳ; ಅದು ಎರಡು ಬಂದೂಕುಗಳ ನಡುವೆ ಸಿಲುಕಿರುವುದೇ ಹೆಚ್ಚು. ಕುದುರೆಮುಖದ ಸುತ್ತಲಿನ ಊರುಗಳನ್ನೇ ನೋಡಿ. 2003ರ ನವೆಂಬರಿನಲ್ಲಿ ಈದುವಿನಲ್ಲಿ ಇಬ್ಬರು ಯುವತಿಯರು ಪೊಲೀಸರ ಗುಂಡಿಗೆ ಬಲಿಯಾದರು; 2025ರ ಆರಂಭದಲ್ಲಿ ಅಳಿದುಳಿದ ನಕ್ಸಲೀಯರು ಶರಣಾದರು. ಈ ನಡುವಿನ ವರ್ಷಗಳಲ್ಲಿ ಅಪರಿಚಿತರಿಗೆ ಅನ್ನವಿಕ್ಕಿದ ಮನೆಗೆ ಪೊಲೀಸರ ಭಯ. ಪೊಲೀಸರೊಡನೆ ಮಾತನಾಡಿದವನಿಗೆ ‘ಮಾಹಿತಿದಾರ’ನೆಂಬ ಹಣೆಪಟ್ಟಿಯ ಭಯ.

ಇಂಥ ಊರಿಗೆ ಸಂಶೋಧಕನು ಭೂಪಟ, ಜಿಪಿಎಸ್ ಮತ್ತು ಕ್ಯಾಮೆರಾ ಹಿಡಿದು ಹೋಗುತ್ತಾನೆ. ಮನೆಯಲ್ಲೆಷ್ಟು ಜನ, ಕಾಡಿಗೆ ದಾರಿ ಯಾವುದು, ಯಾರು ಬಂದು ಹೋಗುತ್ತಾರೆ ಎಂದು ಕೇಳುತ್ತಾನೆ. ಗೂಢಚಾರನೂ ಇದನ್ನೇ ಕೇಳುತ್ತಾನಲ್ಲವೇ? ಬೆಲ್‌ಫಾಸ್ಟಿನಲ್ಲಿ ಅಧ್ಯಯನ ಮಾಡಿದ ಮಾನವಶಾಸ್ತ್ರಜ್ಞ ಜೆಫ್ರಿ ಸ್ಲೂಕಾ 1990ರಲ್ಲಿ ಎಚ್ಚರಿಸಿದ್ದೂ ಈ ಸಂಶಯದ ಬಗ್ಗೆಯೇ. ಆದುದರಿಂದ ಬಂದ ಉದ್ದೇಶವನ್ನೂ, ಹಣ ಕೊಟ್ಟವರಾರೆಂಬುದನ್ನೂ ಮೊದಲ ದಿನವೇ ತಿಳಿಸಬೇಕು. ಪೊಲೀಸ್ ಜೀಪಿನಲ್ಲಿ ಊರಿಗೆ ಇಳಿಯಬಾರದು. ಮಣ್ಣಿನ ಮಾದರಿ ತೆಗೆಯುವುದಕ್ಕೂ ಊರವರೊಬ್ಬರು ಜೊತೆಗಿರಲಿ. ಆದರೆ ಪ್ರತಿದಿನವೂ ಅದೇ ಮನೆಯವರನ್ನು ಕರೆದೊಯ್ದರೆ ನೀವು ಹೊರಟ ಮೇಲೆ ಸಂಶಯ ಅವರ ತಲೆಗೇ ಕಟ್ಟುತ್ತದೆ.

ಟಿಪ್ಪಣಿ ಪುಸ್ತಕವೂ ಅಪಾಯಕಾರಿಯೇ. ಕುತ್ಲೂರಿನ ಪತ್ರಿಕೋದ್ಯಮ ವಿದ್ಯಾರ್ಥಿ ವಿಠಲ ಮಲೆಕುಡಿಯರನ್ನು 2012ರ ಮಾರ್ಚಿನಲ್ಲಿ ಬಂಧಿಸಿದಾಗ ವಶಪಡಿಸಿಕೊಂಡದ್ದರಲ್ಲಿ ಭಗತ್ ಸಿಂಗರ ಕುರಿತ ಪುಸ್ತಕವೂ ಪತ್ರಿಕಾ ತುಣುಕುಗಳೂ ಇದ್ದವು. ನ್ಯಾಯಾಲಯ ಅವರನ್ನು ಖುಲಾಸೆಗೊಳಿಸಿದ್ದು 2021ರ ಅಕ್ಟೋಬರಿನಲ್ಲಿ. ಹಾಗಿರುವಾಗ ಹೆಸರುಗಳ ಬದಲು ಸಂಕೇತ ಬರೆಯಿರಿ. ಸಂಕೇತದ ಕೀಲಿ ಊರಿನಿಂದ ಹೊರಗಿರಲಿ. ಅಡಕೆಯ ಕೊಳೆರೋಗ ಅಧ್ಯಯನ ಮಾಡುವವನಿಗೆ, ರಾತ್ರಿ ಯಾರು ಬಂದಿದ್ದರೆಂಬ ಸಂಗತಿ ಏಕೆ ಬೇಕು?

ಹಿಂದಿರುಗಿದೊಡನೆ ಅಪಾಯ ಮುಗಿಯಿತೆಂದೂ ತಿಳಿಯಬಾರದು. ಗ್ವಾಟೆಮಾಲಾದಲ್ಲಿ ಸೈನ್ಯದ ಕಾರ್ಯಾಚರಣೆಯಿಂದ ನೆಲೆ ಕಳೆದುಕೊಂಡ ಮೂಲನಿವಾಸಿಗಳ ಬಗ್ಗೆ ಅಧ್ಯಯನ ನಡೆಸಿದ್ದ ಮಿರ್ನಾ ಮ್ಯಾಕ್ 1990ರ ಸೆಪ್ಟೆಂಬರ್ 11ರಂದು ಹತರಾದದ್ದು ಮಲೆಯಲ್ಲಲ್ಲ. ರಾಜಧಾನಿಯಲ್ಲಿ, ತಮ್ಮ ಕಚೇರಿಯ ಹೊರಗೆ. ಸೈನ್ಯದ ಸಾರ್ಜೆಂಟನೊಬ್ಬನಿಗೆ 1993ರಲ್ಲಿ ಶಿಕ್ಷೆಯಾಯಿತು.

ಇನ್ನು, ಬಂದೂಕಿನ ಮಾತಿನಲ್ಲಿ ರಸ್ತೆಯನ್ನು ಮರೆಯಬೇಡಿ. ಮಾನವಶಾಸ್ತ್ರಜ್ಞರ ಕ್ಷೇತ್ರಕಾರ್ಯದ ಅಪಾಯಗಳನ್ನು ನ್ಯಾನ್ಸಿ ಹೋವೆಲ್ 1990ರಲ್ಲಿ ಪಟ್ಟಿಮಾಡಿದಾಗ ವಾಹನ ಅಪಘಾತಗಳೇ ಮುಂದಿದ್ದವು. ನಮ್ಮಲ್ಲಿ ಮಳೆಗಾಲದ ಸಂಕವನ್ನೂ ಸೇರಿಸಬೇಕು. ಹೋಗುವ ದಾರಿ, ಮರಳುವ ಹೊತ್ತು ಎರಡನ್ನೂ ಒಬ್ಬರಿಗೆ ಹೇಳಿ ಹೊರಡಿ. ಕತ್ತಲಾಗುವ ಮುನ್ನ ತಂಗುವ ಮನೆ ಸೇರಿ.

ಗ್ರಾಮಸ್ಥರಲ್ಲಿ ಒಂದು ವಿನಂತಿ. ಬಂದವರ ಬಳಿ ಸಂಸ್ಥೆಯ ಪತ್ರ ಕೇಳಿ, ಬರೆದುಕೊಂಡದ್ದನ್ನು ಓದಿ ಹೇಳಿಸಿಕೊಳ್ಳಿ. ಬೇಡವೆನಿಸಿದ ಸಾಲನ್ನು ನಿಮ್ಮೆದುರಿಗೇ ಹೊಡೆದುಹಾಕಲು ಹೇಳಿ.