ಎದೆಯುರಿ: ಸ್ವಸ್ಥರಲ್ಲಿ, ರೋಗಿಗಳಲ್ಲಿ

ಕನ್ನಡದಲ್ಲಿ ಎರಡು ಉರಿಗಳುಂಟು. ಹೊಟ್ಟೆಯುರಿ ಎಂದರೆ ಮತ್ಸರ. ಅದು ಮನಸ್ಸಿನ ಬೇನೆ. ಎದೆಯುರಿ ಎಂಬುದು ಎದೆಯ ಮಾತೆನಿಸಿದರೂ ಅದರ ಮೂಲವಿರುವುದು ಹೊಟ್ಟೆಯಲ್ಲಿ. ಹೆಸರು ಹೀಗೆ ಸ್ಥಾನಪಲ್ಲಟಗೊಂಡಂತೆ, ಈ ಎರಡನೆಯ ಉರಿಯನ್ನು ಕುರಿತ ನಮ್ಮ ತಿಳಿವಳಿಕೆಯೂ ಕೊಂಚ ಪಲ್ಲಟಗೊಂಡಿದೆ. ಹುಳಿ ಮೇಲೇರಿದವನು ರೋಗಿ, ಏರದವನು ಸ್ವಸ್ಥ ಎಂದು ನಾವು ಭಾವಿಸುತ್ತೇವೆ. ವಾಸ್ತವ ಹಾಗಿಲ್ಲ.

ಈ ಉಪದ್ರವ ನಮ್ಮ ಪ್ರಾಚೀನರಿಗೆ ಅಪರಿಚಿತವಲ್ಲ. ಮಾಧವನಿದಾನವು ಆಮ್ಲಪಿತ್ತಕ್ಕೆ ಪ್ರತ್ಯೇಕ ಅಧ್ಯಾಯವನ್ನೇ ಮೀಸಲಿಟ್ಟು, ಅದನ್ನು ಊರ್ಧ್ವಗ, ಅಧೋಗ ಎಂದು ವಿಂಗಡಿಸಿದೆ. ಮೇಲ್ಮುಖವಾಗಿ ಹೊರಟ ಆಮ್ಲದ ದಾರಿಯನ್ನು ಇಂದಿನ ವೈದ್ಯವಿಜ್ಞಾನ ಅಳತೆಗೋಲು ಹಿಡಿದು ನೋಡಿದೆ.

ಅನ್ನನಾಳವು ಜಠರವನ್ನು ಸೇರುವ ಕಡೆ ಸ್ನಾಯುವಿನ ಒಂದು ಬಳೆಯಿದೆ. ತುತ್ತು ಬಂದಾಗ ಅದು ಸಡಿಲಗೊಂಡು, ಮತ್ತೆ ಬಿಗಿಯುತ್ತದೆ. ಆದರೆ ಉಂಡು ಜಠರ ಉಬ್ಬಿದಾಗ, ಏನನ್ನೂ ನುಂಗದಿದ್ದರೂ, ಅದು ಕೆಲವು ಕ್ಷಣ ತಾನಾಗಿ ಸಡಿಲವಾಗುವುದುಂಟು. ತೇಗು ಹೊರಬರುವುದು ಈ ದಾರಿಯಿಂದಲೇ. ಅದರ ಜೊತೆಗೆ ಒಂದಿಷ್ಟು ಆಮ್ಲವೂ ನುಸುಳಬಹುದು. ಇದು ಆರೋಗ್ಯವಂತರಲ್ಲಿಯೂ ನಡೆಯುವ ವ್ಯಾಪಾರ.

1982ರಲ್ಲಿ ಅಮೆರಿಕದ ಡಾಡ್ಸ್ ಮತ್ತು ಅವರ ಸಂಗಡಿಗರು 10 ಮಂದಿ ರೋಗಿಗಳನ್ನೂ 10 ಮಂದಿ ಸ್ವಸ್ಥರನ್ನೂ ರಾತ್ರಿಯಿಡೀ ಪರೀಕ್ಷಿಸಿದರು. 12 ಗಂಟೆಗಳಲ್ಲಿ ಸ್ವಸ್ಥರಲ್ಲಿ ಸರಾಸರಿ 9 ಬಾರಿ, ರೋಗಿಗಳಲ್ಲಿ 35 ಬಾರಿ ಆಮ್ಲ ಮೇಲೇರಿತು. ಸ್ವಸ್ಥರಲ್ಲಿ ಅದಕ್ಕೆ ಕಾರಣ ಬಹುಮಟ್ಟಿಗೆ ಆ ಕ್ಷಣಿಕ ಸಡಿಲಿಕೆಯೊಂದೇ. ರೋಗಿಗಳಲ್ಲಿ ಅದರೊಡನೆ ಬೇರೆ ಎರಡು ಕಾರಣಗಳೂ ಕಂಡವು: ಹೊಟ್ಟೆಯ ಮೇಲೆ ಬೀಳುವ ಒತ್ತಡ ಮತ್ತು ಬಳೆಯದೇ ದುರ್ಬಲತೆ.

ಏರಿದ ಆಮ್ಲ ಎಷ್ಟು ಹೊತ್ತು ನಿಲ್ಲುತ್ತದೆ ಎಂಬುದು ಇನ್ನೂ ಮುಖ್ಯ. ಸ್ವಸ್ಥನಲ್ಲಿ ಅನ್ನನಾಳದ ಅಲೆ ಅದನ್ನು ಕೆಳಕ್ಕೆ ತಳ್ಳುತ್ತದೆ. ನುಂಗಿದ ಜೊಲ್ಲು ಉಳಿದ ಹುಳಿಯನ್ನು ತೊಡೆಯುತ್ತದೆ. ರೋಗಿಯಲ್ಲಿ ಈ ಶುದ್ಧಿಕಾರ್ಯ ನಿಧಾನ. ಮಲಗಿದಾಗ ಭೂಮಿಯ ಸೆಳೆತದ ನೆರವು ತಪ್ಪುತ್ತದೆ. ನಿದ್ರೆಯಲ್ಲಿ ಜೊಲ್ಲೂ ಕಡಿಮೆ, ನುಂಗುವುದೂ ಕಡಿಮೆ. ಮೂಗಿನ ಮೂಲಕ ಸಣ್ಣ ನಳಿಕೆಯನ್ನಿಳಿಸಿ 24 ಗಂಟೆ ಅಳೆದಾಗ, ಅನ್ನನಾಳದಲ್ಲಿ ಆಮ್ಲವಿರುವ ಕಾಲ ಶೇಕಡಾ 4ಕ್ಕಿಂತ, ಎಂದರೆ ಸುಮಾರು ಒಂದು ಗಂಟೆಗಿಂತ, ಕಡಿಮೆಯಿದ್ದರೆ ಸಹಜ; ಶೇಕಡಾ 6ನ್ನು, ಎಂದರೆ ಸುಮಾರು ಒಂದೂವರೆ ಗಂಟೆಯನ್ನು, ಮೀರಿದರೆ ರೋಗವೆಂದು ಇಂದಿನ ವೈದ್ಯರು ಗಣಿಸುತ್ತಾರೆ.

ಇನ್ನೊಂದು ವೈಚಿತ್ರ್ಯವಿದೆ. ಅಳತೆ ಸಹಜವಾಗಿದ್ದರೂ ಕೆಲವರಿಗೆ ಉರಿ ತಾಳಲಾರದಷ್ಟಿರುತ್ತದೆ. ಅವರ ಅನ್ನನಾಳದ ಸಂವೇದನೆ ಅತಿ ಸೂಕ್ಷ್ಮ. ಮತ್ತೆ ಕೆಲವರಿಗೆ, ವಿಶೇಷವಾಗಿ ವೃದ್ಧರಿಗೆ, ಒಳಗೆ ಹುಣ್ಣಾಗಿದ್ದರೂ ಉರಿ ತೋರದು. ಆದ್ದರಿಂದ ನೋವೊಂದೇ ರೋಗದ ಪ್ರಮಾಣವಲ್ಲ.

ನಮ್ಮ ಸುತ್ತಲಿನ ಬದುಕನ್ನು ಈ ಬೆಳಕಿನಲ್ಲಿ ನೋಡೋಣ. ಯಶವಂತಪುರದ ಮಂಡಿಯಲ್ಲಿ ಉಂಡ ಕೂಡಲೇ ಬಗ್ಗಿ ಮೂಟೆಯೆತ್ತುವವನ ಹೊಟ್ಟೆಯ ಮೇಲೆ ಒತ್ತಡ ಬೀಳುತ್ತದೆ. ಯಲಹಂಕದ ಗಾಲಿ ಕಾರ್ಖಾನೆಯಲ್ಲಾಗಲಿ ಹೆಬ್ಬಾಳದ ಕಡೆಯ ಕಂಪ್ಯೂಟರ್ ಕಚೇರಿಗಳಲ್ಲಾಗಲಿ ಪಾಳಿ ಮುಗಿಸಿ ಬಂದು, ಉಂಡೊಡನೆ ಒರಗುವವರು ಆಮ್ಲಕ್ಕೆ ಸಮತಟ್ಟಾದ ದಾರಿ ಮಾಡಿಕೊಡುತ್ತಾರೆ. ಊಟಕ್ಕೂ ಹಾಸಿಗೆಗೂ ನಡುವೆ ಎರಡು ಮೂರು ಗಂಟೆಗಳ ಅಂತರ, ಮಂಚದ ತಲೆಯ ಕಡೆ ತುಸು ಎತ್ತರ, ಎಡಮಗ್ಗುಲ ನಿದ್ರೆ, ಬೊಜ್ಜಿದ್ದರೆ ಅದರ ಇಳಿಕೆ: ಇವು ಖರ್ಚಿಲ್ಲದ ಚಿಕಿತ್ಸೆಗಳು.

ಎಂದೋ ಒಮ್ಮೆ ಹುಳಿತೇಗು ಬಂದಿತೆಂದು ರೋಗಿಯ ಪಟ್ಟ ಕಟ್ಟಿಕೊಂಡು, ಯಾರನ್ನೂ ಕೇಳದೆ ವರ್ಷಗಟ್ಟಲೆ ಮಾತ್ರೆ ನುಂಗುವುದು ಸಲ್ಲದು. ಹಾಗೆಯೇ ಎಲ್ಲವನ್ನೂ ‘ಗ್ಯಾಸು’ ಎಂದು ತಳ್ಳಿಹಾಕುವುದೂ ಅಪಾಯ. ನುಂಗಲು ತಡೆಯಾದರೆ, ತೂಕ ಇಳಿದರೆ, ಮಲ ಕಪ್ಪಾದರೆ ವೈದ್ಯರನ್ನು ಕಾಣಲೇಬೇಕು. ಬೆವರಿನೊಡನೆ ಎದೆಯನ್ನು ಹಿಂಡುವ ನೋವು ತೋಳಿಗೋ ದವಡೆಗೋ ಹರಿದರೆ, ಸೋಡಾ ತರಿಸುತ್ತ ಕೂಡದೆ ತಕ್ಷಣ ಆಸ್ಪತ್ರೆಗೆ ಧಾವಿಸಬೇಕು; ಅದು ಹೃದಯದ ಕರೆಯಾಗಿರಬಹುದು. ಎದೆಯ ಮಾತಾವುದು, ಹೊಟ್ಟೆಯ ಮಾತಾವುದು ಎಂಬ ನಿರ್ಣಯವನ್ನು ಅಂಥ ಹೊತ್ತಿನಲ್ಲಿ ವೈದ್ಯರಿಗೇ ಬಿಡುವುದು ವಿವೇಕ.